ಮಾರ್ಜಿನ್ ಯಾರದು?

‘ಎಲ್ಲವೂ ಆನ್‌ಲೈನ್‌ನಲ್ಲಿದೆ’ ಎಂಬುದು ಈಗ ನಮ್ಮ ಶಿಕ್ಷಣ ವಲಯದಲ್ಲಿ ಎಲ್ಲ ರೋಗಕ್ಕೂ ಕೊಡುವ ಒಂದೇ ಗುಳಿಗೆಯಂತಾಗಿದೆ. ಪಾಠ ಅರ್ಥವಾಗಲಿಲ್ಲವೇ? ಲಿಂಕ್ ಇದೆ. ವಿಜ್ಞಾನದ ಮೇಷ್ಟರ ಹುದ್ದೆ ಖಾಲಿ ಬಿದ್ದಿದೆಯೇ? ವೀಡಿಯೋ ಇದೆ. ಗ್ರಂಥಾಲಯದ ಬೀರುವಿಗೆ ಬೀಗ ಬಿದ್ದು ವರ್ಷಗಳಾದವೇ? ಚಿಂತೆಯಿಲ್ಲ, ಪಿಡಿಎಫ್ ಇದೆ. ಇದರ ಮುಂದುವರಿಕೆಯಾಗಿ ಕೇಳಿಬರುತ್ತಿರುವ ಮಾತೆಂದರೆ, ಮಕ್ಕಳು ತರಗತಿಯಲ್ಲಿ ಬರೆದುಕೊಳ್ಳುವ ನೋಟ್ಸನ್ನು ಆನ್‌ಲೈನ್ ಪಾಠಸಾಮಗ್ರಿಗೆ ಜೋಡಿಸಬೇಕು ಎನ್ನುವುದು. ಪಾಠದ ಪಕ್ಕ ಒಂದು ಲಿಂಕ್, ಪುಟದ ಮೂಲೆಯಲ್ಲಿ ಒಂದು ಕ್ಯುಆರ್ ಚೌಕ, ಮೇಷ್ಟರ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ. ಕೇಳಲು ಇಂಪಾಗಿದೆ. ನಾವು ಈ ಜೋಡಣೆಗೆ ವಿರೋಧಿಗಳಲ್ಲ. ನಮ್ಮ ತಕರಾರು ಇಷ್ಟೇ: ಈ ಗಂಟನ್ನು ಯಾರು ಹಾಕುತ್ತಿದ್ದಾರೆ? ಯಾವುದನ್ನು ಯಾವುದಕ್ಕೆ ಕಟ್ಟುತ್ತಿದ್ದಾರೆ? ಕಟ್ಟುವುದಕ್ಕೆ ಮಗುವಿನ ಕೈಯಲ್ಲಿ ಅದರದೇ ಆದ ನೋಟ್ಸ್ ಎಂಬುದು ಇದೆಯೇ?

ಇಲ್ಲ ಎನ್ನುವುದೇ ನಮ್ಮ ಉತ್ತರ. ನಂಬಿಕೆಯಿಲ್ಲದವರು ನಾವು ಬಳಸುವ ಮಾತನ್ನೇ ಸ್ವಲ್ಪ ಗಮನಿಸಲಿ. ಕನ್ನಡದಲ್ಲಿ ಮೇಷ್ಟರು ನೋಟ್ಸ್ ‘ಕೊಡುತ್ತಾರೆ’. ಇನ್ನೂ ಮುತುವರ್ಜಿಯವರಾದರೆ ‘ಬರೆಸುತ್ತಾರೆ’. ಮಕ್ಕಳು ಬೋರ್ಡಿನಿಂದ ‘ಇಳಿಸಿಕೊಳ್ಳುತ್ತಾರೆ’. ತಿಂಗಳ ಕೊನೆಗೆ ಮೇಷ್ಟರು ಅದನ್ನು ‘ತಿದ್ದುತ್ತಾರೆ’. ಮನೆಯಲ್ಲಿ ಅಪ್ಪ ಕೇಳುವ ಪ್ರಶ್ನೆ ‘ನೋಟ್ಸ್ ಕಂಪ್ಲೀಟ್ ಆಯಿತೇನೋ?’ ಎಂದು. ನಮ್ಮ ಇನ್ನೊಂದು ಮನೆಮಾತಾದ ಉರ್ದುವಿನಲ್ಲೂ ಇದೇ ಕತೆ. ಅಲ್ಲಿ ನೋಟ್ಸನ್ನು ‘ಉತಾರ್‌ನಾ’, ಅಂದರೆ ಇಳಿಸಿಕೊಳ್ಳುವುದು. ಎರಡು ಬೇರೆ ಬೇರೆ ಭಾಷೆಗಳು ಒಂದೇ ಕ್ರಿಯಾಪದವನ್ನು ಆರಿಸಿಕೊಂಡಿವೆ ಎಂದರೆ ನಮ್ಮ ಶಾಲೆಗಳ ಒಳಗೆ ನಡೆಯುತ್ತಿರುವುದೂ ಒಂದೇ ಎಂದಾಯಿತು. ಮೇಲಿನಿಂದ ಏನೋ ಬರುತ್ತದೆ, ಮಗು ಅದನ್ನು ಕೆಳಗಿಳಿಸಿಕೊಳ್ಳುತ್ತದೆ. ಐವತ್ತು ಮಕ್ಕಳ ತರಗತಿಯಲ್ಲಿ ಐವತ್ತು ನೋಟ್‌ಬುಕ್ಕುಗಳನ್ನು ಪಕ್ಕಪಕ್ಕ ಇಟ್ಟರೆ ಅಕ್ಷರದ ಅಂದದಲ್ಲಿ ವ್ಯತ್ಯಾಸ ಕಾಣಬಹುದೇ ಹೊರತು ವಾಕ್ಯದಲ್ಲಿ ಕಾಣುವುದಿಲ್ಲ. ಒಂದು ತಪ್ಪು ಕಾಗುಣಿತ ಬೋರ್ಡಿನ ಮೇಲೆ ಬಿದ್ದರೆ ಅದು ಐವತ್ತೂ ಪುಸ್ತಕಗಳಲ್ಲಿ ನಿಷ್ಠೆಯಿಂದ ಬಿದ್ದಿರುತ್ತದೆ.

ಇನ್ನು ಆ ನೋಟ್‌ಬುಕ್ಕಿನ ಎಡಬದಿಗೆ ಬನ್ನಿ. ಹೊಸ ಪುಸ್ತಕ ಕೊಂಡ ದಿನ ಮಕ್ಕಳು ಸ್ಕೇಲು ಹಿಡಿದು ಮೊದಲ ಪುಟದಿಂದ ಕಡೆಯ ಪುಟದವರೆಗೆ ಮಾರ್ಜಿನ್ ಹೊಡೆಯುತ್ತಾರೆ. ಕೆಲವು ಶಾಲೆಗಳಲ್ಲಿ ಅದು ಇಂಥದೇ ಬಣ್ಣದ ಪೆನ್ನಿನಲ್ಲಿ, ಇಷ್ಟೇ ಅಗಲ ಇರಬೇಕೆಂಬ ಕಾನೂನು ಉಂಟು. ಆ ಗೆರೆಯ ಆಚೆ ಪ್ರಶ್ನೆಯ ಸಂಖ್ಯೆಯ ಹೊರತು ಮಗು ಏನನ್ನೂ ಬರೆಯುವಂತಿಲ್ಲ. ಅಲ್ಲಿ ಬರೆಯುವ ಹಕ್ಕು ಕೆಂಪು ಶಾಯಿಗೆ ಮಾತ್ರ. ಪುಟದ ಆರನೆಯ ಒಂದು ಭಾಗವನ್ನು ಹೀಗೆ ಬರಿದಾಗಿ ಕಾಯ್ದಿಡುವ ಶಿಸ್ತು ಎಲ್ಲಿಂದ ಬಂತೋ! ಕಾಗದ ದುಬಾರಿಯಾದ ಈ ಕಾಲದಲ್ಲೂ ಅದನ್ನು ಯಾರೂ ಪ್ರಶ್ನಿಸುವುದಿಲ್ಲ.

ಉರ್ದುವಿನಲ್ಲಿ ಮಾರ್ಜಿನ್‌ಗೆ ‘ಹಾಶಿಯಾ’ ಎನ್ನುತ್ತಾರೆ. ಅದೇ ಪದಕ್ಕೆ ಇನ್ನೊಂದು ಅರ್ಥವಿದೆ: ಅಂಚಿನಲ್ಲಿ ಬರೆದ ಟಿಪ್ಪಣಿ. ಅರಬಿ, ಫಾರಸಿ ವಿದ್ಯಾಪರಂಪರೆಯಲ್ಲಿ ನಡುವೆ ಮೂಲಗ್ರಂಥ ಇರುತ್ತಿತ್ತು, ಅದಕ್ಕೆ ‘ಮತ್ನ್’ ಎಂದು ಹೆಸರು. ಅದರ ವ್ಯಾಖ್ಯಾನ ‘ಶರಹ್’. ವ್ಯಾಖ್ಯಾನಕ್ಕೂ ಸಮಾಧಾನವಾಗದೆ ಓದುಗ ಅಂಚಿನಲ್ಲಿ ತನ್ನ ಅನುಮಾನವನ್ನೋ, ಬೇರೊಂದು ಗ್ರಂಥದ ಉಲ್ಲೇಖವನ್ನೋ, ಗುರುವಿನ ಬಾಯಿಂದ ಕೇಳಿದ ಬೇರೆ ಮಾತನ್ನೋ ಬರೆಯುತ್ತಿದ್ದ. ಅದು ಹಾಶಿಯಾ. ಹಳೆಯ ಹಸ್ತಪ್ರತಿಗಳನ್ನು ಬಿಡಿಸಿದರೆ ನಡುವಿನ ಗ್ರಂಥಕ್ಕಿಂತ ಅಂಚೇ ಕಿಕ್ಕಿರಿದಿರುವುದನ್ನು, ಸಾಲುಗಳು ಓರೆಯಾಗಿ, ಅಡ್ಡಡ್ಡಲಾಗಿ, ತಲೆಕೆಳಗಾಗಿ ಹರಿದಿರುವುದನ್ನು ಕಾಣಬಹುದು. ಕನ್ನಡ ಸಂಸ್ಕೃತಗಳ ಟೀಕೆ, ಟಿಪ್ಪಣಿಗಳ ಪರಂಪರೆಯೂ ಇದೇ ಜಾತಿಯದು. ಈ ಗ್ರಂಥದ ಈ ಮಾತನ್ನು ಆ ಗ್ರಂಥದ ಆ ಮಾತಿನೊಡನೆ ಇಟ್ಟು ನೋಡು ಎಂದು ಓದುಗನೇ ಕಟ್ಟಿಕೊಂಡ ದಾರಿ ಅದು. ಇವತ್ತು ‘ಲಿಂಕ್’ ಎಂಬ ಹೊಸ ಹೆಸರಿನಲ್ಲಿ ನಮಗೆ ಮಾರಲಾಗುತ್ತಿರುವ ಸರಕು ಅಂಚಿನಲ್ಲಿ ಶತಮಾನಗಳಿಂದ ಇತ್ತು.

ಹಾಗೆಂದು ನಾವು ಹಳೆಯದನ್ನೆಲ್ಲ ತಲೆಯ ಮೇಲೆ ಹೊತ್ತು ಕುಣಿಯುವವರಲ್ಲ. 18ನೆಯ ಶತಮಾನದಲ್ಲಿ ಲಖನೌದ ಫಿರಂಗಿ ಮಹಲಿನ ಮುಲ್ಲಾ ನಿಜಾಮುದ್ದೀನರ ಹೆಸರಿನಲ್ಲಿ ರೂಪುಗೊಂಡ ದರ್ಸೆ ನಿಜಾಮಿ ಪಠ್ಯಕ್ರಮ ಮುಂದಿನ ತಲೆಮಾರುಗಳಲ್ಲಿ ಹಾಶಿಯಾಗಳನ್ನೂ ಬಾಯಿಪಾಠದ ವಸ್ತುವಾಗಿಸಿತು, ಮೂಲಗ್ರಂಥವನ್ನು ಮರೆತು ಟಿಪ್ಪಣಿಯ ಟಿಪ್ಪಣಿಯಲ್ಲೇ ವಿದ್ಯಾರ್ಥಿಯ ಯೌವನ ಕಳೆದುಹೋಗುವ ಹಾಗಾಯಿತು ಎಂಬ ದೂರು ಆ ಪರಂಪರೆಯ ಒಳಗಿನವರದೇ. ಬೇರೆಯವರ ಹಾಶಿಯಾವನ್ನು ಇಳಿಸಿಕೊಳ್ಳತೊಡಗಿದರೆ ಅದೂ ಬೋರ್ಡಿನ ನೋಟ್ಸೇ ಆಗುತ್ತದೆ.

ನೋಟ್ಸಿನ ಮಾತು ಬಂದಾಗ ಇಮಾಮ್ ಗಝಾಲಿಯವರ ಒಂದು ಪ್ರಸಂಗ ನೆನಪಾಗದೆ ಇರದು. ಸುಬ್ಕಿಯವರ ಚರಿತ್ರೆಯಲ್ಲಿ ಅದು ದಾಖಲಾಗಿದೆ. 11ನೆಯ ಶತಮಾನದ ಮಾತು. ತರುಣ ಗಝಾಲಿ ಜುರ್ಜಾನಿನಲ್ಲಿ ಓದು ಮುಗಿಸಿ ತಮ್ಮ ಊರು ತೂಸ್‌ಗೆ ಮರಳುವಾಗ ದಾರಿಗಳ್ಳರು ಎಲ್ಲವನ್ನೂ ದೋಚುತ್ತಾರೆ. ಗಝಾಲಿ ಅವರ ಬೆನ್ನು ಹತ್ತುತ್ತಾರೆ. ಪ್ರಾಣದ ಮೇಲೆ ಆಸೆಯಿಲ್ಲವೇ ಎಂದು ನಾಯಕ ಗದರಿದರೂ ಬಿಡದೆ, ತನ್ನ ‘ತಾಲೀಖಾ’, ಅಂದರೆ ಪಾಠದ ಟಿಪ್ಪಣಿಗಳನ್ನಷ್ಟೇ ಕೊಟ್ಟುಬಿಡಿ, ಅದು ನಿಮಗೆ ಉಪಯೋಗವಿಲ್ಲ ಎಂದು ಬೇಡುತ್ತಾರೆ. ಕಳ್ಳ ನಗುತ್ತಾನೆ. ನಾವು ಕಿತ್ತುಕೊಂಡ ಕೂಡಲೇ ಇಲ್ಲವಾಗುವ ವಿದ್ಯೆಯನ್ನು ನಿನ್ನದೆಂದು ಹೇಗೆ ಹೇಳಿಕೊಳ್ಳುತ್ತೀ ಎಂದು ಕೇಳಿ ಗಂಟನ್ನು ಮರಳಿಸುತ್ತಾನೆ. ತೂಸ್‌ಗೆ ಬಂದ ಗಝಾಲಿ ಮೂರು ವರ್ಷ ಆ ಟಿಪ್ಪಣಿಗಳನ್ನು ಮನನ ಮಾಡಿದರಂತೆ. ಈ ಕತೆಯನ್ನು ಸಾಮಾನ್ಯವಾಗಿ ಕಂಠಪಾಠದ ಮಹಿಮೆ ಹೇಳಲು ಬಳಸುವುದುಂಟು. ನಮಗೆ ಅದರಲ್ಲಿ ಕಾಣುವುದು ಬೇರೆ. ಜೀವದ ಹಂಗು ತೊರೆದು ಕಳ್ಳರ ಹಿಂದೆ ಓಡುವಷ್ಟು ಬೆಲೆ ಆ ಹಾಳೆಗಳಿಗೆ ಬಂದದ್ದು ಹೇಗೆ? ಅವು ಅವರೇ ಕೇಳಿ, ಅವರೇ ಆಯ್ದು, ಅವರೇ ಬರೆದವು. ಪರೀಕ್ಷೆ ಮುಗಿದ ಮರುದಿನ ರದ್ದಿ ಅಂಗಡಿಯ ತಕ್ಕಡಿಗೆ ಬೀಳುವ ನಮ್ಮ ಮಕ್ಕಳ ನೋಟ್‌ಬುಕ್ಕಿಗಾಗಿ ಯಾವ ಮಗು ಯಾರ ಹಿಂದೆ ಓಡೀತು? ಕಳ್ಳನ ಪ್ರಶ್ನೆಯನ್ನಂತೂ ಇವತ್ತು ಸಿಗ್ನಲ್ ಹೋದಾಗಲೆಲ್ಲ ಮೊಬೈಲೇ ಕೇಳುತ್ತಿದೆ.

ಈಗ ಒಂದು ಪಾಠವನ್ನೇ ಹಿಡಿದು ಮಾತಾಡೋಣ. ಹತ್ತನೆಯ ತರಗತಿಯ ವಿಜ್ಞಾನದಲ್ಲಿ ‘ಜೀವಕ್ರಿಯೆಗಳು’ ಎಂಬ ಅಧ್ಯಾಯವಿದೆ. ಅದರಲ್ಲೊಂದು ಚಟುವಟಿಕೆ. ಹಸಿರೂ ಬಿಳಿಯೂ ಮಿಶ್ರವಾದ ಎಲೆಗಳ ಕುಂಡದ ಗಿಡವೊಂದನ್ನು, ಮನಿ ಪ್ಲಾಂಟೋ ಕ್ರೋಟನ್ನೋ ಆಗಬಹುದು, ಮೂರು ದಿನ ಕತ್ತಲೆಯಲ್ಲಿಡಬೇಕು. ಎಲೆಯೊಳಗಿನ ಪಿಷ್ಟವೆಲ್ಲ ಖರ್ಚಾಗಲಿ ಎಂದು. ಆಮೇಲೆ ಸುಮಾರು ಆರು ಗಂಟೆ ಬಿಸಿಲಿಗಿಟ್ಟು, ಒಂದು ಎಲೆ ಕಿತ್ತು, ಹಸಿರು ಎಲ್ಲೆಲ್ಲಿದೆ ಎಂದು ಕಾಗದದ ಮೇಲೆ ಗುರುತು ಹಾಕಿಕೊಂಡು, ಎಲೆಯನ್ನು ಕುದಿಯುವ ನೀರಿನಲ್ಲಿ ಅದ್ದಿ, ನಂತರ ಆಲ್ಕೋಹಾಲಿನಲ್ಲಿ ಹಾಕಿ ಬಿಸಿನೀರಿನ ಪಾತ್ರೆಯೊಳಗಿಟ್ಟು ಕಾಯಿಸಬೇಕು. ಹಸಿರು ಬಣ್ಣ ಬಿಟ್ಟುಹೋಗುತ್ತದೆ. ಆಮೇಲೆ ಅಯೋಡಿನ್ ಹಾಕಿದರೆ ಹಸಿರಿದ್ದ ಜಾಗ ಮಾತ್ರ ನೀಲಿಗಪ್ಪು ಬಣ್ಣಕ್ಕೆ ತಿರುಗುತ್ತದೆ, ಬಿಳಿ ಇದ್ದ ಜಾಗ ತಿರುಗುವುದಿಲ್ಲ. ಎಲೆ ಬಿಸಿಲಿನಲ್ಲಿ ಅಡುಗೆ ಮಾಡಿಕೊಳ್ಳುವುದಕ್ಕೆ ಹಸಿರೇ ಬೇಕು ಎಂಬುದು ಕಣ್ಣಿಗೇ ಕಾಣುತ್ತದೆ. ಬಹಳ ಚೆಂದದ ಪ್ರಯೋಗ.

ನಮ್ಮ ಎಷ್ಟೋ ಶಾಲೆಗಳಲ್ಲಿ ಇದನ್ನು ಮಾಡುವುದೇ ಇಲ್ಲ. ‘ಎಲೆಯ ಹಸಿರು ಭಾಗವು ನೀಲಿಗಪ್ಪು ಬಣ್ಣಕ್ಕೆ ತಿರುಗಿತು’ ಎಂದು ಭೂತಕಾಲದಲ್ಲಿ ಬರೆಸುವುದಂತೂ ತಪ್ಪುವುದಿಲ್ಲ. ನಡೆಯದೆ ಇದ್ದ ಘಟನೆಗೆ ಐವತ್ತು ಸಾಕ್ಷಿಗಳ ಸಹಿ! ಮಾಡಿದ ಶಾಲೆಗಳಲ್ಲಿ ಏನಾಗುತ್ತದೆ? ಜುಲೈ ತಿಂಗಳಲ್ಲಿ ಈ ಪಾಠ ಬಂದರೆ ತೀರ್ಥಹಳ್ಳಿಯಲ್ಲೋ ಮಡಿಕೇರಿಯಲ್ಲೋ ಆರು ಗಂಟೆ ಬಿಸಿಲನ್ನು ಎಲ್ಲಿಂದ ತರುವುದು? ಮೋಡದ ಬೆಳಕಿನಲ್ಲಿ ಎಲೆಯ ಪಿಷ್ಟ ಕಡಿಮೆ. ಆಲ್ಕೋಹಾಲ್ ಸಾಲದೆ ಹಸಿರು ಪೂರ್ತಿ ಬಿಟ್ಟಿರುವುದಿಲ್ಲ. ಅಯೋಡಿನ್ ಸೀಸೆ ಯಾವ ಕಾಲದ್ದೋ. ಎಲೆ ನೀಲಿಯಾಗದೆ ಕಂದಾಗಿ ಕೂರುತ್ತದೆ. ಮಗು ಕಂಡದ್ದನ್ನೇ ಬರೆಯುವುದಾದರೆ ‘ನಮ್ಮ ಎಲೆ ಕಂದಾಯಿತು’ ಎಂದು ಬರೆಯಬೇಕು. ಹಾಗೆ ಬರೆದರೆ ಕೆಂಪು ಶಾಯಿ ಬೀಳುತ್ತದೆ.

ಈ ಹಂತದಲ್ಲಿ ಲಿಂಕ್ ಬಂದು ಏನು ಮಾಡುತ್ತದೆ ನೋಡಿ. ವೀಡಿಯೋದಲ್ಲಿ ಎಲೆ ಥಟ್ಟನೆ ನೀಲಿಗಪ್ಪಾಗುತ್ತದೆ. ಹಿನ್ನೆಲೆಯಲ್ಲಿ ಸಂಗೀತ ಬೇರೆ. ಮಗು ತನ್ನ ಕಂದು ಎಲೆಗೆ ನಾಚಿಕೊಂಡು ಆ ಸಾಲನ್ನು ಹೊಡೆದುಹಾಕುತ್ತದೆ. ಪರದೆ ಗೆದ್ದಿತು, ಕಣ್ಣು ಸೋತಿತು. ಮೊದಲು ಬೋರ್ಡು ಮಾಡುತ್ತಿದ್ದ ಕೆಲಸವನ್ನು ಈಗ ಲಿಂಕ್ ಮಾಡುತ್ತಿದೆ, ಹೆಚ್ಚು ಬಣ್ಣದಲ್ಲಿ. ಅದೇ ವೀಡಿಯೋವನ್ನು ಇನ್ನೊಂದು ರೀತಿಯಲ್ಲಿ ಜೋಡಿಸಬಹುದಿತ್ತಲ್ಲವೇ? ಮಗು ಪುಟದ ನಡುವೆ ತನ್ನ ಕಂದು ಎಲೆಯ ಕತೆ ಬರೆಯಲಿ. ಮಾರ್ಜಿನ್‌ನಲ್ಲಿ, ‘ಇಂಥ ವೀಡಿಯೋ, ನಾಲ್ಕನೆಯ ನಿಮಿಷ: ಅವರ ಎಲೆ ಅಯೋಡಿನ್ ಹಾಕುವ ಮೊದಲೇ ಪೂರ್ತಿ ಬಿಳಚಿಕೊಂಡಿತ್ತು, ನಮ್ಮದರಲ್ಲಿ ಹಸಿರು ಉಳಿದಿತ್ತು’ ಎಂದು ಬರೆಯಲಿ. ಆಗ ಆ ಲಿಂಕ್‌ಗೆ ಒಂದು ಕೆಲಸ ಸಿಕ್ಕಿತು. ಮಳೆಗಾಲದಲ್ಲಿ ಈ ಪ್ರಯೋಗ ಮಾಡಬೇಡಿ ಎಂಬ ಉಪಯುಕ್ತ ಮಾತು ಅಂಥ ಒಂದು ನೋಟ್‌ಬುಕ್ಕಿನಿಂದ ಪಾಠಸಾಮಗ್ರಿ ತಯಾರಿಸುವವರ ಮೇಜಿಗೆ ಹೋಗಬಹುದಿತ್ತು. ಹೋಗುವ ದಾರಿಯೇ ಇಲ್ಲ.

ದಾರಿ ಯಾಕಿಲ್ಲ ಎಂಬುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಅಮೆರಿಕದ ವಿಜ್ಞಾನಿ ವನೆವರ್ ಬುಷ್ 1945ರಲ್ಲಿ ಬರೆದ ಒಂದು ಲೇಖನದಲ್ಲಿ ‘ಮೆಮೆಕ್ಸ್’ ಎಂಬ ಯಂತ್ರವನ್ನು ಕಲ್ಪಿಸಿದರು. ಮೇಜಿನ ಗಾತ್ರದ ಯಂತ್ರ, ಒಳಗೆ ಪುಸ್ತಕಗಳ ಮೈಕ್ರೋಫಿಲ್ಮ್. ಇವತ್ತಿನ ಲಿಂಕಿನ ಅಜ್ಜ ಎನ್ನಬಹುದಾದ ಕಲ್ಪನೆ ಅದು. ಅವರು ಕೊಟ್ಟ ಉದಾಹರಣೆ ಸ್ವಾರಸ್ಯಕರ: ಶಿಲುಬೆಯ ಯುದ್ಧಗಳಲ್ಲಿ ತುರ್ಕಿಯರ ಗಿಡ್ಡ ಬಿಲ್ಲು ಇಂಗ್ಲಿಷರ ಉದ್ದ ಬಿಲ್ಲಿಗಿಂತ ಮೇಲಾದದ್ದು ಹೇಗೆ ಎಂದು ಹುಡುಕುವ ಓದುಗ. ಅವನು ವಿಶ್ವಕೋಶದ ಒಂದು ಪುಟ, ಇತಿಹಾಸದ ಒಂದು ಪುಟ, ವಸ್ತುಗಳ ಸ್ಥಿತಿಸ್ಥಾಪಕ ಗುಣದ ಮೇಲಿನ ಪುಟಗಳನ್ನು ಒಂದಕ್ಕೊಂದು ಕಟ್ಟುತ್ತ ಹೋಗುತ್ತಾನೆ. ನಡುವೆ ತನ್ನದೇ ಕೈಬರಹದ ಒಂದು ಹಾಳೆಯನ್ನೂ ಸೇರಿಸುತ್ತಾನೆ. ವರ್ಷಗಳ ನಂತರ ಗೆಳೆಯನೊಬ್ಬ ಕೇಳಿದಾಗ ಇಡೀ ದಾರಿಯನ್ನು ನಕಲು ಮಾಡಿ ಅವನಿಗೆ ಕೊಡುತ್ತಾನೆ. ಆ ಕನಸಿನಲ್ಲಿ ದಾರಿ ಕಟ್ಟುವವನು ಓದುಗ, ಅವನ ಕೈಬರಹದ ಹಾಳೆ ಅಚ್ಚಾದ ಪುಟಗಳ ಸರಿಸಮ ನಿಂತಿತ್ತು.

1965ರಲ್ಲಿ ‘ಹೈಪರ್‌ಟೆಕ್ಸ್ಟ್’ ಎಂಬ ಪದವನ್ನು ಟಂಕಿಸಿದ ಟೆಡ್ ನೆಲ್ಸನ್ ಎರಡೂ ಕಡೆಯಿಂದ ಕಾಣುವ ಕೊಂಡಿಗಳಿರಬೇಕು ಎಂದು ವಾದಿಸಿದವರು. 1989ರಲ್ಲಿ ಟಿಮ್ ಬರ್ನರ್ಸ್ ಲೀ ಜಿನೀವಾದ ಬಳಿಯ ಸರ್ನ್ ಸಂಸ್ಥೆಯಲ್ಲಿ ಪ್ರಸ್ತಾಪಿಸಿದ ಜಾಲದಲ್ಲಿ ಕೊಂಡಿ ಒಂದೇ ಕಡೆಯದಾಯಿತು. ಯಾರ ಅನುಮತಿಯೂ ಇಲ್ಲದೆ ಯಾರು ಬೇಕಾದರೂ ಯಾರಿಗೆ ಬೇಕಾದರೂ ಕೊಂಡಿ ಹಾಕಬಹುದು ಎಂಬ ಸರಳತೆಯಿಂದಲೇ ಅದು ಲೋಕವ್ಯಾಪಿಯಾಯಿತು, ಅದನ್ನು ಅಲ್ಲಗಳೆಯಬೇಕಿಲ್ಲ. ಅವರ ಮೊದಲ ಬ್ರೌಸರಿನಲ್ಲಿ ಓದುವುದರ ಜೊತೆಗೆ ಬರೆಯುವುದಕ್ಕೂ ಅವಕಾಶವಿತ್ತು. ಆಮೇಲೆ ಜನಪ್ರಿಯವಾದವುಗಳಲ್ಲಿ ಬರೆಯುವ ಬಾಗಿಲು ಮುಚ್ಚಿ ಓದುವ ಕಿಟಕಿಯಷ್ಟೇ ಉಳಿಯಿತು. ಓದುಗರ ಟಿಪ್ಪಣಿಯನ್ನು ಯಾವುದೇ ಜಾಲಪುಟದ ಇಂಥದೇ ಸಾಲಿಗೆ ಅಂಟಿಸುವ ಒಂದು ಅಂತಾರಾಷ್ಟ್ರೀಯ ಮಾನದಂಡ 2017ರ ಫೆಬ್ರವರಿಯಲ್ಲೇ ಬಂದಿದೆ. ತಂತ್ರ ಇಲ್ಲ ಎನ್ನುವ ನೆಪ ಇನ್ನು ನಡೆಯದು.

ನಮ್ಮ ಸರ್ಕಾರಗಳೂ ಸುಮ್ಮನೆ ಕೂತಿಲ್ಲ. ಎಂಐಟಿ 2001ರಲ್ಲಿ ತನ್ನ ಪಾಠಸಾಮಗ್ರಿಯನ್ನು ಜಗತ್ತಿಗೆ ಬಿಟ್ಟಿಯಾಗಿ ಕೊಡುತ್ತೇನೆಂದು ಘೋಷಿಸಿತು. ನಮ್ಮ ಐಐಟಿಗಳೂ ಬೆಂಗಳೂರಿನ ಐಐಎಸ್‌ಸಿಯೂ ಸೇರಿ ಎನ್‌ಪಿಟಿಇಎಲ್ ಕಟ್ಟಿದವು. ಅದರ ಕೆಲವು ಉಪನ್ಯಾಸಗಳ ಲಿಖಿತ ರೂಪ ಕನ್ನಡಕ್ಕೂ ಬಂದಿದೆ. 2017ರಲ್ಲಿ ಕಾಲೇಜಿನವರಿಗೆ ‘ಸ್ವಯಂ’, ಶಾಲೆಯವರಿಗೆ ‘ದೀಕ್ಷಾ’ ಬಂದವು. ಪಠ್ಯಪುಸ್ತಕದ ಪುಟಗಳಲ್ಲಿ ಕ್ಯುಆರ್ ಚೌಕಗಳು ಮೂಡಿದವು. (ಈ ಚೌಕ 1994ರಲ್ಲಿ ಜಪಾನಿನಲ್ಲಿ ಮೋಟಾರು ಬಿಡಿಭಾಗಗಳ ಲೆಕ್ಕವಿಡಲು ಹುಟ್ಟಿದ್ದು. ಬಿಡಿಭಾಗ ಎದುರು ಮಾತಾಡುವುದಿಲ್ಲ.) ಇದೆಲ್ಲ ಒಳ್ಳೆಯ ಕೆಲಸವೇ. ದೊಡ್ಡ ಊರಿನ ದೊಡ್ಡ ಮೇಷ್ಟರ ಪಾಠ ಸಣ್ಣ ಊರಿನ ಬಡವರ ಮಗುವಿಗೆ ಬಿಟ್ಟಿಯಾಗಿ ಸಿಗುವುದನ್ನು ಹಳಿಯುವವರು ನಾವಲ್ಲ. ಆದರೆ ಚೌಕ ಇರುವುದು ಅಚ್ಚಾದ ಪುಸ್ತಕದಲ್ಲಿ, ಇಲಾಖೆಯವರು ಆರಿಸಿದ ಜಾಗದಲ್ಲಿ. ಮಗುವಿನ ಪ್ರಶ್ನೆ ಏಳುವ ಜಾಗದಲ್ಲಿ ಅದು ಇರುವುದಿಲ್ಲ, ಇರಲು ಸಾಧ್ಯವೂ ಇಲ್ಲ. ಆ ಜಾಗವನ್ನು ಬಲ್ಲದ್ದು ಮಗು ಒಂದೇ.

ವಾಟ್ಸಾಪ್ ಲಿಂಕಿನ ಕತೆ ಇನ್ನೂ ಸರಳ. ನಲವತ್ತೈದು ನಿಮಿಷದ ವೀಡಿಯೋ ಒಂದನ್ನು ‘ನೋಡಿಕೊಳ್ಳಿ’ ಎಂದು ಕಳಿಸುವುದು ಊರಿನ ಹೆಸರು ಹೇಳಿ ಮನೆ ಹುಡುಕಿಕೊಳ್ಳಿ ಎಂದಂತೆ. ಎಷ್ಟನೆಯ ನಿಮಿಷ, ಯಾವ ಚಿತ್ರ, ಯಾವ ಪ್ಯಾರಾ ಎಂದು ಹೇಳುವ ಶ್ರಮವನ್ನು ಕಳಿಸುವವರು ವಹಿಸುವುದಿಲ್ಲ. ಕಳಿಸಿದ ಲಿಂಕ್ ಬದುಕಿರುತ್ತದೆ ಎಂಬ ಭರವಸೆಯೂ ಇಲ್ಲ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2013ರಲ್ಲಿ ಇದ್ದ ಜಾಲಪುಟಗಳಲ್ಲಿ ಶೇಕಡಾ 38ರಷ್ಟು ಹತ್ತು ವರ್ಷಗಳ ನಂತರ ಸಿಗುತ್ತಿರಲಿಲ್ಲ. ಎಂಟನೆಯ ತರಗತಿಯ ಮಗು ಇಂದು ಬರೆದುಕೊಂಡ ಲಿಂಕ್ ಅದು ಡಿಗ್ರಿಗೆ ಬರುವ ಹೊತ್ತಿಗೆ ಸತ್ತಿರಬಹುದು. ಲಿಂಕಿನ ಜೊತೆ ಅಲ್ಲಿ ಏನು ಕಂಡೆ ಎಂಬ ಒಂದು ವಾಕ್ಯವನ್ನೂ ಬರೆದಿದ್ದರೆ ಆ ವಾಕ್ಯವಾದರೂ ಉಳಿಯುತ್ತದೆ.

ಇನ್ನು ಭಾಷೆಯ ಪ್ರಶ್ನೆ. ನಮ್ಮ ರಾಜ್ಯದಲ್ಲಿ ಕನ್ನಡದ ಜೊತೆಗೆ ಉರ್ದು, ಮರಾಠಿ, ತಮಿಳು, ತೆಲುಗು ಮಾಧ್ಯಮದ ಶಾಲೆಗಳೂ ಇವೆ. ಮೇಲೆ ಹೇಳಿದ ಎಲೆಯ ಪಾಠವನ್ನು ಕನ್ನಡದ ಮಗು ‘ದ್ಯುತಿಸಂಶ್ಲೇಷಣೆ’ ಎಂದು ಓದುತ್ತದೆ. ಉರ್ದುವಿನ ಮಗು ‘ಜಿಯಾಯೀ ತಾಲೀಫ್’ ಎನ್ನುತ್ತದೆ. ಎರಡೂ ಮನೆಯಲ್ಲಿ ಆಡುವ ಮಾತಲ್ಲ, ಆದರೂ ಮಗು ಕಷ್ಟಪಟ್ಟು ಕಲಿತ ಪದ. ಅದೇ ಪದವನ್ನು ಹಿಡಿದು ಆನ್‌ಲೈನ್‌ನಲ್ಲಿ ಹುಡುಕಲು ಹೊರಟರೆ ಕನ್ನಡದ ಮಗುವಿಗೆ ಅಷ್ಟಿಷ್ಟು ಸಿಗುತ್ತದೆ. ಉರ್ದುವಿನ ಮಗುವಿಗೆ ಗಡಿಯಾಚೆಯ ದೇಶದ ಪಠ್ಯಕ್ರಮದ ಪಾಠಗಳು ಎದುರಾಗುತ್ತವೆ. ಒಳ್ಳೆಯ ಪಾಠಗಳೇ ಇರಬಹುದು, ನಮ್ಮ ಪುಸ್ತಕಕ್ಕೂ ಅದಕ್ಕೂ ತಾಳೆಯಾಗುವುದಿಲ್ಲ. ಕಡೆಗೆ ಇಬ್ಬರೂ ‘ಫೋಟೋಸಿಂಥೆಸಿಸ್’ ಎಂದು ಇಂಗ್ಲಿಷಿನಲ್ಲಿ ಹೊಡೆಯಬೇಕು. ಆ ಪದ ಅವರ ನೋಟ್ಸಿನಲ್ಲಿ ಇದ್ದರೆ ತಾನೆ?

ಇದಕ್ಕಿಂತ ನಾಚಿಕೆಗೇಡಿನ ಸಂಗತಿ ಇನ್ನೊಂದಿದೆ. ಕನ್ನಡ ಲಿಪಿಗೆ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿದ್ದು 1991ರಲ್ಲಿ. ಆದರೂ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಎಷ್ಟೋ ಪಿಡಿಎಫ್‌ಗಳು ಇಂದಿಗೂ ಚಲಾವಣೆಯಲ್ಲಿವೆ. ಕಣ್ಣಿಗೆ ಕನ್ನಡವಾಗಿ ಕಾಣುವ ಆ ಪುಟ ಯಂತ್ರದ ಒಳಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅದರಲ್ಲಿ ‘ಎಲೆ’ ಎಂದು ಹುಡುಕಿದರೆ ಒಂದು ಎಲೆಯೂ ಸಿಗುವುದಿಲ್ಲ. ಉರ್ದುವಿನ ಇನ್‌ಪೇಜ್ ಕಡತಗಳ ಪಾಡೂ ಅದೇ. 1918ರಲ್ಲಿ ಶುರುವಾದ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕಾಗಿ ಅಲ್ಲಿನ ದಾರುಲ್ ತರ್ಜುಮಾ ಗಣಿತ, ವಿಜ್ಞಾನ, ವೈದ್ಯ, ಕಾನೂನುಗಳ ನೂರಾರು ಪುಸ್ತಕಗಳನ್ನು ಉರ್ದುವಿಗೆ ತಂದಿತು. ನಮ್ಮ ಬೀದರ್, ಕಲಬುರಗಿ, ರಾಯಚೂರುಗಳು ಆ ಸಂಸ್ಥಾನದಲ್ಲೇ ಇದ್ದವು. ಕನ್ನಡದಲ್ಲಿ ಮೈಸೂರು ವಿಶ್ವವಿದ್ಯಾಲಯದ ಪ್ರಚಾರ ಪುಸ್ತಕಗಳು ಕಾಸಿನ ಬೆಲೆಗೆ ಹಳ್ಳಿ ಸೇರಿದವು, ಕುವೆಂಪು 1956ರಿಂದ 1960ರವರೆಗೆ ಅಲ್ಲಿ ಉಪಕುಲಪತಿಗಳಾಗಿದ್ದಾಗ ಕನ್ನಡದಲ್ಲಿ ಉನ್ನತ ಶಿಕ್ಷಣದ ಪುಸ್ತಕಗಳಿಗಾಗಿ ಹಟ ಹಿಡಿದು ದುಡಿದರು. ಈ ಹಳೆಯ ಪುಸ್ತಕಗಳಲ್ಲಿ ಅನೇಕವು ಈಗ ಆನ್‌ಲೈನ್‌ನಲ್ಲಿ ಇವೆ, ಪುಟಗಳ ಫೋಟೋಗಳಾಗಿ. ಕೊಂಡಿ ಹಾಕಲು ಒಂದು ಸಾಲನ್ನೂ ಎತ್ತಿಕೊಳ್ಳಲಾಗದ ಫೋಟೋಗಳು. ಕೋಟಿಗಟ್ಟಲೆ ಸುರಿದು ಹೊಸ ವೀಡಿಯೋ ಮಾಡಿಸುವ ಬದಲು ಇವುಗಳಲ್ಲಿ ಆಯ್ದವನ್ನು ಹುಡುಕಬಲ್ಲ ಅಕ್ಷರಗಳಾಗಿಸಲು ಖರ್ಚು ಮಾಡಿದರೆ ಏನು ಗಂಟು ಹೋಗುತ್ತದೆ?

‘ಮೊಬೈಲ್ ಈಗ ಯಾರ ಮನೆಯಲ್ಲಿಲ್ಲ ಹೇಳಿ’ ಎನ್ನುವವರಿಗೂ ಒಂದು ಮಾತು. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಗ್ರಾಮೀಣ ಭಾರತದ ಶೇಕಡಾ 14.9 ಮನೆಗಳಿಗೆ ಮಾತ್ರ ಇಂಟರ್ನೆಟ್ ಇತ್ತು, ಕಂಪ್ಯೂಟರ್ ಇದ್ದದ್ದು ಶೇಕಡಾ 4.4 ಮನೆಗಳಲ್ಲಿ. ಆಮೇಲೆ ಫೋನುಗಳು ಹೆಚ್ಚಿವೆ, ನಿಜ. ಅವು ಯಾರ ಕೈಯಲ್ಲಿವೆ ಎಂಬುದು ಪ್ರಶ್ನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವಂತೆ ದೇಶದಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಗಂಡಸರು ಶೇಕಡಾ 57.1, ಹೆಂಗಸರು ಶೇಕಡಾ 33.3. ನಮ್ಮ ಮೊಹಲ್ಲಾಗಳಲ್ಲಿ ಈ ಅಂಕಿಗೆ ಕಣ್ಣು ಮೂಗು ಇದೆ. ಫೋನು ಅಬ್ಬಾನ ಜೇಬಿನಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೋಗುತ್ತದೆ, ರಾತ್ರಿ ಒಂಬತ್ತಕ್ಕೆ ಬರುತ್ತದೆ. ಆಮೇಲೆ ಅಣ್ಣನ ಸರದಿ. ತಂಗಿಯ ಸರದಿ ಬರುವಷ್ಟರಲ್ಲಿ ಡೇಟಾ ಮುಗಿದಿರುತ್ತದೆ, ಇಲ್ಲವೇ ‘ಹೆಣ್ಣುಹುಡುಗಿಗೆ ಫೋನು ಯಾಕೆ’ ಎಂಬ ಪ್ರಶ್ನೆ ಎದ್ದಿರುತ್ತದೆ. ಈ ಕೊನೆಯ ಪ್ರಶ್ನೆಗೆ ಸರ್ಕಾರವನ್ನು ಬೈದು ಪ್ರಯೋಜನವಿಲ್ಲ. ಅದು ನಮ್ಮ ಮನೆಯೊಳಗಿನ ಜಗಳ, ನಾವೇ ಆಡಿ ಮುಗಿಸಬೇಕು. ಹುಡುಗಿ ಲಿಂಕ್ ತೆರೆದರೆ ಕೆಡುತ್ತಾಳೆ, ಹುಡುಗ ರೀಲ್ಸ್ ನೋಡಿದರೆ ಕೆಡುವುದಿಲ್ಲ ಎಂಬ ತರ್ಕಕ್ಕೆ ಯಾವ ಗ್ರಂಥದ ಯಾವ ಹಾಶಿಯಾದಲ್ಲೂ ಆಧಾರವಿಲ್ಲ. ಕೋವಿಡ್ ಕಾಲದಲ್ಲಿ, 2020ರ ಜುಲೈನಲ್ಲಿ, ಚಂದನ ವಾಹಿನಿಯಲ್ಲಿ ಪಾಠಗಳು ಶುರುವಾದಾಗ ಮನೆಯ ಟೀವಿ ಎಷ್ಟೋ ಹುಡುಗಿಯರಿಗೆ ಫೋನಿಗಿಂತ ಹತ್ತಿರವಾಗಿತ್ತು ಎಂಬುದನ್ನೂ ಇಲ್ಲಿ ನೆನೆಯಬೇಕು. ಅದು ನಿಗದಿತ ಹೊತ್ತಿಗೆ ಬಂದು ಹೋಗುತ್ತಿತ್ತು. ನೋಡುತ್ತ ಬರೆದುಕೊಳ್ಳಲೇಬೇಕಿತ್ತು.

‘ಸಿಲಬಸ್ ಮುಗಿಸಬೇಕು ಸಾರ್, ಇದಕ್ಕೆಲ್ಲ ಎಲ್ಲಿದೆ ಸಮಯ’ ಎಂದು ಮೇಷ್ಟರುಗಳು ಕೇಳುತ್ತಾರೆ. ಅವರ ಕಷ್ಟ ನಮಗೆ ಗೊತ್ತು. ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಎಲ್ಲವೂ ಅವರ ತಲೆಯ ಮೇಲಿದೆ. ಅದರ ಮೇಲೆ ಪ್ರತಿ ನೋಟ್‌ಬುಕ್ಕಿಗೂ ಲಿಂಕ್ ಅಂಟಿಸಿ ಎಂಬ ಸುತ್ತೋಲೆಯೊಂದು ಬಂದರೆ ಅವರು ಒಂದೇ ಲಿಂಕನ್ನು ಬೋರ್ಡಿನ ಮೇಲೆ ಬರೆದು ‘ಇಳಿಸಿಕೊಳ್ಳಿ’ ಎನ್ನುತ್ತಾರೆ. ತಪ್ಪು ಅವರದಲ್ಲ. ಆದರೆ ಪ್ರತಿ ಪಾಠಕ್ಕೆ ನಾಲ್ಕು ಪುಟ ಬರೆಸುವುದಕ್ಕೆ ಸಮಯ ಸಿಗುತ್ತಿದೆಯಲ್ಲ? ಆ ನಾಲ್ಕು ಪುಟ ಹೇಗೂ ಗೈಡಿನಲ್ಲಿ ಇದೆ, ಜೆರಾಕ್ಸ್ ಅಂಗಡಿಯಲ್ಲಿದೆ, ಈಗ ಆನ್‌ಲೈನ್‌ನಲ್ಲೂ ಇದೆ. ಯಂತ್ರ ಮಾಡಬಲ್ಲ ಕೆಲಸವನ್ನು ಮಗುವಿನಿಂದ ಯಾಕೆ ಮಾಡಿಸಬೇಕು?

ಕೈಬರಹ ಶ್ರೇಷ್ಠ, ಕಂಪ್ಯೂಟರ್ ಕನಿಷ್ಠ ಎನ್ನುವವರ ಪಕ್ಷದಲ್ಲೂ ನಾವಿಲ್ಲ. ಅಮೆರಿಕದ ಮುಲ್ಲರ್ ಮತ್ತು ಓಪನ್‌ಹೈಮರ್ ಎಂಬಿಬ್ಬರು 2014ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇಂಥವರು ಎಲ್ಲೆಡೆ ಉದಾಹರಿಸುತ್ತಾರೆ. ಲ್ಯಾಪ್‌ಟಾಪಿನಲ್ಲಿ ನೋಟ್ಸ್ ಮಾಡಿದವರು ಉಪನ್ಯಾಸಕರ ಮಾತನ್ನು ಇದ್ದಕ್ಕಿದ್ದಂತೆ ಹೆಚ್ಚು ಇಳಿಸಿಕೊಂಡರು, ವಿಚಾರ ಕೇಳುವ ಪ್ರಶ್ನೆಗಳಲ್ಲಿ ಹಿಂದೆ ಬಿದ್ದರು ಎಂದು ಅದು ಹೇಳಿತ್ತು. 2021ರಲ್ಲಿ ಬೇರೆಯವರು ಅದನ್ನು ಮತ್ತೆ ಮಾಡಿ ನೋಡಿದಾಗ ಮೊದಲನೆಯದು ನಿಂತಿತು, ಎರಡನೆಯದು ನಿಲ್ಲಲಿಲ್ಲ. ಹಾಗಾಗಿ ಪೆನ್ನಿಗೆ ಪವಾಡದ ಪಟ್ಟ ಕಟ್ಟುವುದು ಬೇಡ. ನಮ್ಮಲ್ಲಿ ಮಕ್ಕಳು ಪೆನ್ನಿನಲ್ಲೇ ಇದ್ದಕ್ಕಿದ್ದಂತೆ ಇಳಿಸಿಕೊಳ್ಳುತ್ತಿರುವುದು ಅಮೆರಿಕದವರಿಗೆ ಗೊತ್ತಿರಲಿಕ್ಕಿಲ್ಲ!

ವಿದ್ಯಾರ್ಥಿಯ ನೋಟ್ಸಿನಲ್ಲಿ ಏನು ಮಹಾ ಇರುತ್ತದೆ ಎಂದು ಮೂಗು ಮುರಿಯುವವರು ಭಾಷಾವಿಜ್ಞಾನಿ ಸಸ್ಯೂರ್‌ನ ಕತೆಯನ್ನು ನೆನೆಯಲಿ. ಅವರು 1907ರಿಂದ 1911ರವರೆಗೆ ಜಿನೀವಾದಲ್ಲಿ ಪಾಠ ಹೇಳಿದರು, 1913ರಲ್ಲಿ ತೀರಿಕೊಂಡರು. ತಮ್ಮ ಉಪನ್ಯಾಸಗಳನ್ನು ಪುಸ್ತಕ ಮಾಡಿರಲಿಲ್ಲ. ಕೇಳಿದ ವಿದ್ಯಾರ್ಥಿಗಳ ನೋಟ್‌ಬುಕ್ಕುಗಳನ್ನು ಒಟ್ಟು ಮಾಡಿ, ಒಂದರೊಡನೆ ಒಂದನ್ನು ತಾಳೆ ನೋಡಿ 1916ರಲ್ಲಿ ತಂದ ಪುಸ್ತಕವೇ ಆಧುನಿಕ ಭಾಷಾವಿಜ್ಞಾನಕ್ಕೆ ತಳಪಾಯವಾಯಿತು. ತಾಳೆ ನೋಡಲು ಸಾಧ್ಯವಾದದ್ದು ಆ ನೋಟ್‌ಬುಕ್ಕುಗಳು ಒಂದರಂತೆ ಇನ್ನೊಂದು ಇರಲಿಲ್ಲ ಎಂಬ ಕಾರಣಕ್ಕೆ.

ನಾವು ಕೇಳುತ್ತಿರುವುದು ದುಬಾರಿ ಸಂಗತಿಗಳನ್ನಲ್ಲ. ಇಲಾಖೆ ತನ್ನ ಆನ್‌ಲೈನ್ ಪಾಠಗಳ ಪ್ರತಿ ಪ್ಯಾರಾಕ್ಕೂ ಬದಲಾಗದ ಒಂದು ಸಂಖ್ಯೆ ಕೊಡಲಿ, ಹಳ್ಳಿಯ ಹುಡುಗಿ ಫೋನಿಲ್ಲದ ಹೊತ್ತಿನಲ್ಲೂ ‘ಜೀವಕ್ರಿಯೆ, 14’ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡು ನಾಳೆ ಶಾಲೆಯ ಕಂಪ್ಯೂಟರಿನಲ್ಲಿ ನೋಡಲಿ. ವೀಡಿಯೋದ ಜೊತೆ ಅದರ ಮಾತುಗಳ ಬರಹರೂಪವೂ ಇರಲಿ, ಕನ್ನಡದಲ್ಲಿ, ಉರ್ದುವಿನಲ್ಲಿ, ಹುಡುಕಬಲ್ಲ ಅಕ್ಷರಗಳಲ್ಲಿ, ಮೂರೂ ಭಾಷೆಗಳ ಪಾರಿಭಾಷಿಕ ಪದಗಳು ಪಕ್ಕಪಕ್ಕದಲ್ಲಿ ಇರಲಿ. ಅದನ್ನು ಅಚ್ಚು ಹಾಕಿ ಪ್ರತಿ ಶಾಲೆಯ ಗೋಡೆಗೆ ತೂಗುಹಾಕಿದರೂ ಸಾಕು. ಪ್ರತಿ ಪಾಠದ ಕೊನೆಗೆ ಮಕ್ಕಳಿಂದ ಬಂದ ಪ್ರಶ್ನೆಗಳಿಗೆ ಒಂದು ಪುಟ ಇರಲಿ, ಮೇಷ್ಟರು ತಿಂಗಳಿಗೊಮ್ಮೆ ನಾಲ್ಕು ನೋಟ್‌ಬುಕ್ಕಿನ ಅಂಚುಗಳ ಫೋಟೋ ತೆಗೆದು ಕಳಿಸಲಿ, ಉತ್ತರಿಸುವ ಹೊಣೆ ಪಾಠ ಬರೆದವರ ಮೇಲಿರಲಿ. ಕಂದು ಎಲೆಯ ಮಗುವಿಗೆ ಅಂಕ ಸಿಗಲಿ.

ಮುಂದಿನ ಜೂನ್ ಹೊತ್ತಿಗೆ ಮತ್ತೆ ಹೊಸ ನೋಟ್‌ಬುಕ್ಕುಗಳು ಬರುತ್ತವೆ, ಸ್ಕೇಲುಗಳು ಬರುತ್ತವೆ. ಅಷ್ಟರೊಳಗೆ ಯಾವುದಾದರೂ ಒಂದು ಶಾಲೆಯ ಮುಖ್ಯೋಪಾಧ್ಯಾಯರು, ಸುತ್ತೋಲೆಗೆ ಕಾಯದೆ, ‘ಈ ವರ್ಷ ಮಾರ್ಜಿನ್‌ನಲ್ಲಿ ನೀವೇ ಬರೆಯಿರಿ, ನಾವು ಅಲ್ಲಿ ಕೆಂಪು ಶಾಯಿ ಹಾಕುವುದಿಲ್ಲ’ ಎಂದು ಮಕ್ಕಳಿಗೆ ಹೇಳಿದರೆ ಅದರ ಫಲವನ್ನು ಈ ಪತ್ರಿಕೆಗೆ ಬರೆದು ತಿಳಿಸಬೇಕೆಂದು ಕೋರುತ್ತೇವೆ.